ಪಿಐಡಿ_ಟಿಯಿಂದ ಟೈಮ್_ಟಿವರೆಗೆ: ಸಿಸ್ಟಮ್ ಪ್ರೋಗ್ರಾಮಿಂಗ್‌ನಲ್ಲಿ ಡೇಟಾ ಟೈಪ್ ಆರಿಸುವ ಬಗೆ

ಲಿನಕ್ಸ್‌ನಲ್ಲಿ ಫೋರ್ಕ್, ರೀಡ್, ಎಲ್‌ಸೀಕ್, ಸ್ಟ್ಯಾಟ್ ಮುಂತಾದ ಸಿಸ್ಟಮ್ ಕಾಲ್‌ಗಳ (ಪ್ರೋಗ್ರಾಮ್ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಸಲ್ಲಿಸುವ ಕೋರಿಕೆಗಳ) ಕೈಪಿಡಿ ಪುಟಗಳನ್ನು ತೆರೆದರೆ, ಇಂಟ್, ಲಾಂಗ್ ಎಂಬ ಪರಿಚಿತ ಟೈಪ್‌ಗಳಿಗಿಂತ ಪಿಐಡಿ_ಟಿ, ಎಸ್‌ಸೈಜ್_ಟಿ, ಆಫ್_ಟಿ, ಮೋಡ್_ಟಿ ಎಂಬ ಹೆಸರುಗಳೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಒಳಗೆ ಇವೆಲ್ಲ ಪೂರ್ಣಾಂಕಗಳೇ ತಾನೆ, ಎಲ್ಲದಕ್ಕೂ ಇಂಟ್ ಹಾಕಿದರಾಯಿತು ಎಂದು ಹೊಸಬರು ಭಾವಿಸುವುದು ಸಹಜ; ಹಾಗೆ ಬರೆದ ಪ್ರೋಗ್ರಾಮ್ ಬರೆದವರ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುವುದೂ ಉಂಟು. ತೊಂದರೆ ಕಾಣಿಸಿಕೊಳ್ಳುವುದು ಫೈಲು 2 ಗಿಗಾಬೈಟ್ ದಾಟಿದಾಗ, 16 ಬಿಟ್ ಟೈಪಿನಲ್ಲಿಟ್ಟ ಪ್ರೊಸೆಸ್ ಸಂಖ್ಯೆ 32,767ನ್ನು ಮೀರಿದಾಗ, ಇಲ್ಲವೇ ಅದೇ ಕೋಡನ್ನು ಇಂಟೆಲ್ ಯಂತ್ರದಿಂದ ಎಆರ್‌ಎಮ್ ಬೋರ್ಡಿಗೆ ಒಯ್ದಾಗ.

ಸರಿಯಾದ ಟೈಪ್ ಆರಿಸಲು ಎರಡು ನಿಯಮಗಳು ಸಾಕು. ಪ್ರೋಗ್ರಾಮಿನ ಒಳಗೇ ಉಳಿಯುವ ಮೌಲ್ಯಕ್ಕೆ ಅದು ಏನೆಂಬುದನ್ನು ಹೇಳುವ ಟೈಪನ್ನು ಕೊಡಬೇಕು. ಡಿಸ್ಕಿಗೋ ನೆಟ್‌ವರ್ಕಿಗೋ ಬೇರೊಂದು ಪ್ರೋಗ್ರಾಮಿಗೋ ಹೊರಟುಹೋಗುವ ಮೌಲ್ಯಕ್ಕೆ ಅದು ಎಷ್ಟು ಬಿಟ್ ಎಂಬುದನ್ನು ಹೇಳುವ ಟೈಪನ್ನು ಕೊಡಬೇಕು. ಇವೆರಡನ್ನು ಅದಲುಬದಲು ಮಾಡಿದಲ್ಲೇ ಬಹುಪಾಲು ದೋಷಗಳು ಹುಟ್ಟುತ್ತವೆ.

ಇಂಟ್ ಮತ್ತು ಲಾಂಗ್ ಏಕೆ ಸಾಲವು

ಸಿ ಭಾಷೆಯ ಮಾನದಂಡವು ಇಂಟ್‌ಗೆ ಇಷ್ಟೇ ಬಿಟ್ ಎಂದು ಎಲ್ಲೂ ಹೇಳುವುದಿಲ್ಲ. ಇಂಟ್‌ಗೆ ಕನಿಷ್ಠ 16 ಬಿಟ್, ಲಾಂಗ್‌ಗೆ ಕನಿಷ್ಠ 32, ಲಾಂಗ್ ಲಾಂಗ್‌ಗೆ ಕನಿಷ್ಠ 64 ಇರಬೇಕು ಎಂದಷ್ಟೇ ಹೇಳಿ, ಉಳಿದದ್ದನ್ನು ಕಂಪೈಲರಿಗೂ ಯಂತ್ರಕ್ಕೂ ಬಿಟ್ಟುಕೊಡುತ್ತದೆ. ಹಿಂದೆ ಊರಿಂದೂರಿಗೆ ಸೇರಿನ ಅಳತೆ ಬೇರೆಯಾಗಿದ್ದಂತೆ, 64 ಬಿಟ್ ಲಿನಕ್ಸ್‌ನಲ್ಲಿ 64 ಬಿಟ್ ಆಗಿರುವ ಲಾಂಗ್ 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಮಾತ್ರ. ಪಾಯಿಂಟರನ್ನು (ಮೆಮೊರಿಯ ವಿಳಾಸವನ್ನು) ಲಾಂಗ್‌ನಲ್ಲಿ ಇಟ್ಟುಕೊಳ್ಳುವ ಕೋಡ್ ಮೊದಲನೆಯದರಲ್ಲಿ ಉಳಿದುಕೊಳ್ಳುತ್ತದೆ, ಎರಡನೆಯದರಲ್ಲಿ ಪಾಯಿಂಟರಿನ ಅರ್ಧ ಭಾಗವೇ ಕಳೆದುಹೋಗುತ್ತದೆ. ಪಾಯಿಂಟರನ್ನು ಪೂರ್ಣಾಂಕವಾಗಿ ಹಿಡಿದಿಡಲೇಬೇಕಾದಲ್ಲಿ ಯುಇಂಟ್‌ಪಿಟಿಆರ್_ಟಿ ಎಂಬ ಟೈಪನ್ನೇ ಬಳಸಬೇಕು.

ಯುನಿಕ್ಸ್ ಈ ಸಮಸ್ಯೆಯನ್ನು ಬಹಳ ಹಿಂದೆಯೇ ಎದುರಿಸಿತ್ತು. 1979ರ ಏಳನೆಯ ಆವೃತ್ತಿಯಲ್ಲೇ ಸಿಸ್/ಟೈಪ್ಸ್.ಎಚ್ ಎಂಬ ಹೆಡರ್ ಫೈಲ್ ಇದ್ದು, ಅದರಲ್ಲಿ ಆಫ್_ಟಿ, ಟೈಮ್_ಟಿ, ಐನೋ_ಟಿ, ಡೆವ್_ಟಿ ಎಂಬ ಹೆಸರುಗಳನ್ನು ಟೈಪ್‌ಡೆಫ್ (ಟೈಪಿಗೆ ಇನ್ನೊಂದು ಹೆಸರು ಕೊಡುವ ಸಿ ಸೌಲಭ್ಯ) ಮೂಲಕ ಆ ಯಂತ್ರದ ಮೂಲ ಟೈಪ್‌ಗಳಿಗೆ ಜೋಡಿಸಲಾಗಿತ್ತು. ಯಂತ್ರ ಬದಲಾದರೆ ಹೆಡರಿನ ಒಂದು ಸಾಲು ಬದಲಾಗುತ್ತದೆ, ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಿದರೆ ಸಾಕು ಎಂಬುದು ಅದರ ಹಿಂದಿನ ಲೆಕ್ಕಾಚಾರ. ಮುಂದೆ ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆ ಸಾಮಾನ್ಯವಾದ ಪೋಸಿಕ್ಸ್ ಮಾನದಂಡವು ಇದನ್ನೇ ವಿಸ್ತರಿಸಿತು. ಕೊನೆಯಲ್ಲಿ ಅಂಡರ್‌ಸ್ಕೋರ್ ಮತ್ತು ಟಿ ಇರುವ ಹೆಸರುಗಳನ್ನು ಪೋಸಿಕ್ಸ್ ತನಗಾಗಿ ಕಾಯ್ದಿರಿಸಿಕೊಂಡಿರುವುದರಿಂದ, ನಿಮ್ಮ ಸ್ವಂತ ಟೈಪ್‌ಗಳಿಗೆ ಆ ಬಾಲ ಅಂಟಿಸದಿರುವುದು ಒಳ್ಳೆಯದು. ಈ ಸಲಹೆಯನ್ನು ಯಾರೂ ಪಾಲಿಸುವುದಿಲ್ಲ ಎಂಬುದು ಬೇರೆ ಮಾತು.

ಸೈಜ್_ಟಿ ಮತ್ತು ಎಸ್‌ಸೈಜ್_ಟಿ

ಅತಿ ಹೆಚ್ಚು ಎಡವುವ ಜಾಗ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಮೆಮೊರಿಯಲ್ಲಿರುವ ವಸ್ತುವಿನ ಗಾತ್ರವನ್ನು ಹೇಳುವ ಸೈಜ್_ಟಿ ಅನ್‌ಸೈನ್ಡ್ ಟೈಪ್, ಅಂದರೆ ಅದರಲ್ಲಿ ಋಣ ಸಂಖ್ಯೆಗೆ ಜಾಗವಿಲ್ಲ. ರೀಡ್ ಮತ್ತು ರೈಟ್ ಸಿಸ್ಟಮ್ ಕಾಲ್‌ಗಳು ಎಷ್ಟು ಬೈಟ್ ಓದಬೇಕು, ಎಷ್ಟು ಬರೆಯಬೇಕು ಎಂಬುದನ್ನು ಸೈಜ್_ಟಿಯಲ್ಲಿ ಪಡೆಯುತ್ತವೆ. ಆದರೆ ಉತ್ತರ ಕೊಡುವಾಗ, ದೋಷವಾದರೆ ಮೈನಸ್ ಒಂದನ್ನು ಹಿಂತಿರುಗಿಸಬೇಕಾದ್ದರಿಂದ, ಸೈನ್ಡ್ ಆದ ಎಸ್‌ಸೈಜ್_ಟಿಯನ್ನು ಬಳಸುತ್ತವೆ. ಮೊದಲ ಎಸ್ ಅಕ್ಷರವಿರುವುದು ಸೈನ್ಡ್ ಎಂಬುದಕ್ಕಾಗಿ.

ರೀಡ್‌ನ ಉತ್ತರವನ್ನು ಒಬ್ಬರು ಎನ್ ಎಂಬ ಸೈಜ್_ಟಿ ಚರಾಂಶದಲ್ಲಿ ಹಿಡಿದುಕೊಂಡು, ಎನ್ ಸೊನ್ನೆಗಿಂತ ದೊಡ್ಡದಾಗಿರುವವರೆಗೂ ಲೂಪ್ ಓಡಿಸಿ, ಪ್ರತಿ ಸುತ್ತಿನಲ್ಲೂ ಎನ್ ಬೈಟ್‌ಗಳನ್ನು ಮತ್ತೊಂದು ಫೈಲಿಗೆ ಬರೆಯುತ್ತಾರೆ ಎಂದುಕೊಳ್ಳಿ. ಎಲ್ಲ ಸರಿಯಿದ್ದಷ್ಟು ಕಾಲ ಪ್ರೋಗ್ರಾಮ್ ನಿಷ್ಠೆಯಿಂದ ನಕಲು ಮಾಡುತ್ತದೆ. ಡಿಸ್ಕಿನಲ್ಲಿ ದೋಷ ಬಂದು ರೀಡ್ ಮೈನಸ್ ಒಂದನ್ನು ಕೊಟ್ಟೊಡನೆ, 64 ಬಿಟ್ ಯಂತ್ರದಲ್ಲಿ ಎನ್‌ನ ಬೆಲೆ 18,446,744,073,709,551,615 ಆಗುತ್ತದೆ. ಲೂಪ್ ನಿಲ್ಲುವುದಿಲ್ಲ, ಅಷ್ಟು ಬೈಟ್ ಬರೆಯಲು ರೈಟ್‌ಗೆ ಆಜ್ಞೆ ಹೋಗುತ್ತದೆ. ಎನ್ ಸೊನ್ನೆಗಿಂತ ಚಿಕ್ಕದೇ ಎಂಬ ಪರೀಕ್ಷೆಯನ್ನು ಅವರು ಬರೆದಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಅನ್‌ಸೈನ್ಡ್ ಸಂಖ್ಯೆ ಎಂದೂ ಸೊನ್ನೆಗಿಂತ ಚಿಕ್ಕದಾಗದು. ಎಸ್‌ಸೈಜ್_ಟಿ ಎಂದು ಬರೆದುಬಿಟ್ಟರೆ ಮೈನಸ್ ಒಂದು ಮೈನಸ್ ಒಂದಾಗಿಯೇ ಉಳಿಯುತ್ತದೆ.

ಆದರೂ ಅಷ್ಟಕ್ಕೇ ನಿಶ್ಚಿಂತರಾಗುವಂತಿಲ್ಲ. ಎಸ್‌ಸೈಜ್_ಟಿಯಲ್ಲಿರುವ ಉತ್ತರವನ್ನು ಬಫರಿನ ಸೈಜ್‌ಆಫ್‌ನೊಂದಿಗೆ ಹೋಲಿಸಿದರೆ, ಸೈಜ್‌ಆಫ್ ಕೊಡುವುದು ಸೈಜ್_ಟಿ ಆದ್ದರಿಂದ, ಹೋಲಿಕೆಗೆ ಮೊದಲು ಸಿ ಭಾಷೆ ಸೈನ್ಡ್ ಸಂಖ್ಯೆಯನ್ನು ಅನ್‌ಸೈನ್ಡ್ ಆಗಿ ಬದಲಿಸಿಬಿಡುತ್ತದೆ. ಮೈನಸ್ ಒಂದು ಬಫರಿನ ಗಾತ್ರಕ್ಕಿಂತ ದೊಡ್ಡದು ಎಂಬ ಉತ್ತರ ಬರುತ್ತದೆ. ಹೀಗಾಗಿ ಪರೀಕ್ಷೆಯ ಕ್ರಮ ಮುಖ್ಯ: ಮೊದಲು ಸೊನ್ನೆಗಿಂತ ಚಿಕ್ಕದೇ ಎಂದು ನೋಡಿ ದೋಷವನ್ನು ಪಕ್ಕಕ್ಕಿಡಬೇಕು, ಆಮೇಲೆ ಸೈಜ್_ಟಿಗೆ ಕಾಸ್ಟ್ ಮಾಡಿ (ಅಂದರೆ ಆ ಟೈಪಿಗೆ ಬದಲಿಸಿ) ಗಾತ್ರದೊಂದಿಗೆ ಹೋಲಿಸಬೇಕು. ಜಿಸಿಸಿ ಕಂಪೈಲರಿನಲ್ಲಿ ಸಿ ಭಾಷೆಗೆ ವಾಲ್ (-Wall) ಎಂಬ ಎಚ್ಚರಿಕೆಯ ಆಯ್ಕೆಯೊಂದನ್ನೇ ಕೊಟ್ಟರೆ ಇಂಥ ಹೋಲಿಕೆಗಳ ಬಗ್ಗೆ ಕಂಪೈಲರ್ ಬಾಯಿ ಬಿಡುವುದಿಲ್ಲ. ಡಬ್ಲ್ಯೂ-ಎಕ್ಸ್‌ಟ್ರಾ (-Wextra) ಆಯ್ಕೆಯನ್ನೂ ಸೇರಿಸಬೇಕು. ಕೊನೆಯಿಂದ ಮೊದಲಿಗೆ ಬರುವ ಲೂಪಿನಲ್ಲಿ ಸೂಚಿಯನ್ನು ಸೈಜ್_ಟಿಯಲ್ಲಿಟ್ಟು ಅದು ಸೊನ್ನೆ ಅಥವಾ ಅದಕ್ಕಿಂತ ಹೆಚ್ಚಿರುವವರೆಗೆ ಎಂದು ಬರೆದರೆ ಆ ಲೂಪ್ ಮುಗಿಯುವುದೇ ಇಲ್ಲ, ಕಾರಣ ಅದೇ.

ಕೇಳಿದಷ್ಟು ಬೈಟ್ ಒಂದೇ ಸಲಕ್ಕೆ ಬಂದೇ ಬರುತ್ತದೆ ಎಂದೂ ನಂಬಬಾರದು. 64 ಬಿಟ್ ಲಿನಕ್ಸ್‌ನಲ್ಲಿಯೂ ಒಂದು ರೀಡ್ ಅಥವಾ ರೈಟ್ ಗರಿಷ್ಠ 2,147,479,552 ಬೈಟ್‌ಗಳನ್ನಷ್ಟೇ ಸಾಗಿಸುತ್ತದೆ. ಟೈಪಿನಲ್ಲಿ ಹಿಡಿಯುವ ಸಂಖ್ಯೆಗೂ ಕರ್ನಲ್ ಒಪ್ಪುವ ಸಂಖ್ಯೆಗೂ ವ್ಯತ್ಯಾಸವಿದೆ ಎಂಬುದಕ್ಕೆ ಇದೊಂದು ಉದಾಹರಣೆ.

ಪಿಐಡಿ_ಟಿ, ಯುಐಡಿ_ಟಿ ಮತ್ತು ಬಂಧುಗಳು

ಪ್ರೊಸೆಸ್ ಸಂಖ್ಯೆಯನ್ನು ಹಿಡಿಯುವ ಪಿಐಡಿ_ಟಿ ಸೈನ್ಡ್ ಆಗಿರಲೇಬೇಕು ಎಂದು ಪೋಸಿಕ್ಸ್ ವಿಧಿಸುತ್ತದೆ, ಏಕೆಂದರೆ ಹೊಸ ಪ್ರೊಸೆಸ್ ಹುಟ್ಟಿಸುವ ಫೋರ್ಕ್ ವಿಫಲವಾದಾಗ ಮೈನಸ್ ಒಂದನ್ನು ಕೊಡುತ್ತದೆ ಮತ್ತು ಪ್ರೊಸೆಸ್‌ಗೆ ಸಿಗ್ನಲ್ ಕಳಿಸುವ ಕಿಲ್ ಎಂಬ ಸಿಸ್ಟಮ್ ಕಾಲ್‌ನಲ್ಲಿ ಋಣ ಸಂಖ್ಯೆಗಳಿಗೆ ವಿಶೇಷ ಅರ್ಥವಿದೆ. ಲಿನಕ್ಸ್‌ನಲ್ಲಿ ಬಹುಕಾಲ ಪ್ರೊಸೆಸ್ ಸಂಖ್ಯೆಗಳ ಮಿತಿ 32,768 ಆಗಿತ್ತು, ಅಂದರೆ ಅತಿ ದೊಡ್ಡ ಸಂಖ್ಯೆ 32,767. ಹಾಗಾಗಿ ಶಾರ್ಟ್ ಎಂಬ 16 ಬಿಟ್ ಟೈಪಿನಲ್ಲಿ ಅವುಗಳನ್ನು ತುಂಬಿದ ಕೋಡಿಗೂ ಏನೂ ಆಗುತ್ತಿರಲಿಲ್ಲ. 64 ಬಿಟ್ ಕರ್ನಲ್‌ನಲ್ಲಿ ಈ ಮಿತಿಯನ್ನು 4,194,304ರವರೆಗೆ ಏರಿಸಬಹುದು, ಇಂದಿನ ಅನೇಕ ಡಿಸ್ಟ್ರಿಬ್ಯೂಷನ್‌ಗಳಲ್ಲಿ ಅದು ಅಷ್ಟಕ್ಕೇ ಏರಿಸಿಟ್ಟೂ ಇರುತ್ತದೆ. ಈಗ 70,000 ಎಂಬ ಪ್ರೊಸೆಸ್ ಸಂಖ್ಯೆಯನ್ನು ಶಾರ್ಟ್‌ನಲ್ಲಿ ಇಟ್ಟರೆ ಅದು 4,464 ಆಗುತ್ತದೆ, ಕಿಲ್ ಕಳಿಸಿದ ಸಿಗ್ನಲ್ ಯಾವುದೋ ಅಮಾಯಕ ಪ್ರೊಸೆಸ್‌ಗೆ ತಗಲುತ್ತದೆ. 65,535 ಎಂಬ ಸಂಖ್ಯೆಯನ್ನು ಇಟ್ಟರಂತೂ ಅದು ಮೈನಸ್ ಒಂದಾಗುತ್ತದೆ, ಮತ್ತು ಕಿಲ್‌ಗೆ ಮೈನಸ್ ಒಂದನ್ನು ಕೊಟ್ಟರೆ ಅದರ ಅರ್ಥ, ನನಗೆ ಅನುಮತಿಯಿರುವ ಎಲ್ಲ ಪ್ರೊಸೆಸ್‌ಗಳಿಗೂ ಸಿಗ್ನಲ್ ಕಳಿಸು ಎಂದು. ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಾಗಿ ಓಡುತ್ತಿರುವ ಪ್ರೋಗ್ರಾಮ್ ಹೀಗೆ ಮಾಡಿದರೆ ಸರ್ವರಿನಲ್ಲಿ ಇನಿಟ್ ಎಂಬ ಮೊದಲ ಪ್ರೊಸೆಸ್ ಬಿಟ್ಟು ಹೆಚ್ಚೇನೂ ಉಳಿಯದು. ಫೋರ್ಕ್‌ನ ಉತ್ತರವನ್ನು ಪರೀಕ್ಷಿಸದೆ ನೇರವಾಗಿ ಕಿಲ್‌ಗೆ ಕೊಡುವವರಿಗೂ ಇದೇ ಗತಿ.

ಬಳಕೆದಾರರ ಸಂಖ್ಯೆಯಾದ ಯುಐಡಿ_ಟಿಯ ಕಥೆಯೂ ಇಂಥದ್ದೇ. 2001ರಲ್ಲಿ ಬಂದ ಲಿನಕ್ಸ್ 2.4ರಿಂದ ಅದು 32 ಬಿಟ್ ಆಯಿತು, ಅದಕ್ಕೂ ಮೊದಲು 16 ಬಿಟ್ ಇತ್ತು. ಹಳೆಯ 16 ಬಿಟ್ ಜಾಗದಲ್ಲಿ 65,536 ಎಂಬ ಬಳಕೆದಾರ ಸಂಖ್ಯೆಯನ್ನು ತುರುಕಿದರೆ ಉಳಿಯುವುದು ಸೊನ್ನೆ, ಸೊನ್ನೆ ಎಂದರೆ ರೂಟ್. ಅಗಲದ ದೋಷ ಇಲ್ಲಿ ಭದ್ರತೆಯ ದೋಷವೇ ಆಗಿಬಿಡುತ್ತದೆ. ಯುಐಡಿ_ಟಿಗೆ ಮೈನಸ್ ಒಂದನ್ನು ಕಾಸ್ಟ್ ಮಾಡಿ, ಫೈಲಿನ ಮಾಲೀಕನನ್ನು ಬದಲಿಸುವ ಚೌನ್‌ಗೆ ಕೊಟ್ಟರೆ ಮಾಲೀಕನನ್ನು ಬದಲಿಸಬೇಡ ಎಂಬ ಅರ್ಥ ಬರುವುದರಿಂದ, ಆ ಬೆಲೆಯನ್ನು ನಿಜವಾದ ಬಳಕೆದಾರರಿಗೆ ಕೊಡಬಾರದು.

ಡೆವ್_ಟಿಯಲ್ಲಿ ಒಂದು ಸಾಧನದ ಮೇಜರ್ ಮತ್ತು ಮೈನರ್ ಸಂಖ್ಯೆಗಳು (ಯಾವ ಡ್ರೈವರ್, ಅದರಡಿ ಯಾವ ಸಾಧನ ಎಂದು ಹೇಳುವವು) ಒಟ್ಟಿಗೆ ಕುಳಿತಿರುತ್ತವೆ. ಹಿಂದೆ ತಲಾ 8 ಬಿಟ್ ಇದ್ದದ್ದು ಲಿನಕ್ಸ್ 2.6ರ ಕರ್ನಲ್‌ನಲ್ಲಿ 12 ಮತ್ತು 20 ಬಿಟ್ ಆಯಿತು. ಬಿಟ್‌ಗಳನ್ನು ತಾವೇ ಸರಿಸಿ ಬೇರ್ಪಡಿಸಿಕೊಂಡಿದ್ದವರ ಕೋಡ್ ಕೆಟ್ಟಿತು, ಮೇಜರ್, ಮೈನರ್ ಎಂಬ ಮ್ಯಾಕ್ರೋಗಳನ್ನು ಬಳಸಿದವರದು ಕೆಡಲಿಲ್ಲ. ಥ್ರೆಡ್‌ನ ಗುರುತಾದ ಪಿಥ್ರೆಡ್_ಟಿ ಸಂಖ್ಯೆಯಾಗಿರಲೇಬೇಕೆಂಬ ನಿಯಮವೂ ಇಲ್ಲ, ಆದ್ದರಿಂದ ಎರಡು ಥ್ರೆಡ್‌ಗಳು ಒಂದೇ ಹೌದೇ ಎಂದು ನೋಡಲು ಪಿಥ್ರೆಡ್_ಈಕ್ವಲ್ ಫಂಕ್ಷನ್ನೇ ಗತಿ.

ಫೈಲಿನ ಸ್ಥಾನ: ಆಫ್_ಟಿ

ಫೈಲಿನೊಳಗೆ ಎಲ್ಲಿದ್ದೇವೆ ಎಂಬುದನ್ನು ಹೇಳುವ ಆಫ್_ಟಿ ಸೈನ್ಡ್ ಟೈಪ್. 32 ಬಿಟ್ ವ್ಯವಸ್ಥೆಯಲ್ಲಿ ಅದು ಸಹಜವಾಗಿ 32 ಬಿಟ್ ಇದ್ದು, 2,147,483,647 ಬೈಟ್‌ಗಳಾಚೆ ಎಣಿಸಲಾರದು. ಅಂಥ ಫೈಲನ್ನು ತೆರೆಯಲು ಹೋದರೆ ಓಪನ್ ಇಓವರ್‌ಫ್ಲೋ ಎಂಬ ದೋಷದೊಂದಿಗೆ ನಿರಾಕರಿಸುತ್ತದೆ. ಪರಿಹಾರವೆಂದರೆ _ಫೈಲ್_ಆಫ್‌ಸೆಟ್_ಬಿಟ್ಸ್ ಎಂಬ ಮ್ಯಾಕ್ರೋಗೆ 64 ಎಂಬ ಬೆಲೆ ಕೊಡುವುದು. ಇದನ್ನು ಯಾವುದೇ ಹೆಡರನ್ನು ಸೇರಿಸುವ ಮೊದಲೇ ಮಾಡಬೇಕು. ಸೋರ್ಸ್ ಫೈಲಿನಲ್ಲಿ ಬರೆಯುವುದಕ್ಕಿಂತ ಮೇಕ್‌ಫೈಲಿನಲ್ಲಿ ಕಂಪೈಲರಿನ ಆಯ್ಕೆಯಾಗಿ ಕೊಡುವುದೇ ಲೇಸು, ಏಕೆಂದರೆ ಒಂದು ಫೈಲಿನಲ್ಲಿ ಕೊಟ್ಟು ಇನ್ನೊಂದರಲ್ಲಿ ಮರೆತರೆ, ಆಫ್_ಟಿ ಇರುವ ಒಂದೇ ಸ್ಟ್ರಕ್ಚರನ್ನು ಎರಡು ಫೈಲುಗಳು ಎರಡು ಬೇರೆ ಗಾತ್ರಗಳಲ್ಲಿ ಕಾಣುತ್ತವೆ, ಲಿಂಕರ್ ಅದನ್ನು ಹಿಡಿಯುವುದೂ ಇಲ್ಲ.

ಟೈಪ್ ದೊಡ್ಡದಿದ್ದರೂ ಲೆಕ್ಕ ಚಿಕ್ಕ ಟೈಪಿನಲ್ಲೇ ನಡೆದುಹೋಗುವ ಅಪಾಯವಿದೆ. ಇಂಟ್‌ನಲ್ಲಿರುವ ಬ್ಲಾಕ್ ಸಂಖ್ಯೆಯನ್ನು 4,096ರಿಂದ ಗುಣಿಸಿ ಆಫ್_ಟಿಗೆ ಕೊಟ್ಟರೆ, ಗುಣಾಕಾರ ನಡೆಯುವುದು ಇಂಟ್‌ನಲ್ಲಿ. ಬ್ಲಾಕ್ 524,288 ಆಗುತ್ತಿದ್ದಂತೆ ಗುಣಲಬ್ಧ 2,147,483,648 ಆಗಿ ಇಂಟ್‌ನ ಮಿತಿ ಮೀರುತ್ತದೆ, ಕೆಟ್ಟ ಫಲಿತಾಂಶವನ್ನು ಆಫ್_ಟಿ ನಿಶ್ಶಬ್ದವಾಗಿ ಸ್ವೀಕರಿಸುತ್ತದೆ. ಕಾಸ್ಟನ್ನು ಗುಣಲಬ್ಧಕ್ಕಲ್ಲ, ಗುಣಿಸುವ ಮೊದಲು ಬ್ಲಾಕ್ ಸಂಖ್ಯೆಗೆ ಹಾಕಬೇಕು. ಫೈಲಿನೊಳಗಿನ ಸ್ಥಾನ ಬದಲಿಸುವ ಎಲ್‌ಸೀಕ್‌ನ ಉತ್ತರವನ್ನು ಪರೀಕ್ಷಿಸುವಾಗ ಸೊನ್ನೆಗಿಂತ ಚಿಕ್ಕದೇ ಎಂದು ಕೇಳದೆ ಮೈನಸ್ ಒಂದಕ್ಕೆ ಸಮವೇ ಎಂದು ಕೇಳಬೇಕು, ಕೆಲವು ಸಾಧನಗಳಲ್ಲಿ ಋಣ ಸ್ಥಾನವೂ ಸಿಂಧುವಾಗಿರಬಹುದು.

ಟೈಮ್_ಟಿ ಮತ್ತು 2038

ಟೈಮ್_ಟಿ 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತದೆ. 32 ಬಿಟ್ ಸೈನ್ಡ್ ಸಂಖ್ಯೆಯಲ್ಲಿ ಈ ಎಣಿಕೆ 2038ರ ಜನವರಿ 19ರಂದು ಯುಟಿಸಿ 03:14:07ಕ್ಕೆ, ನಮ್ಮ ಕಾಲಮಾನದಲ್ಲಿ ಬೆಳಗ್ಗೆ 8:44:07ಕ್ಕೆ, ಮುಗಿಯುತ್ತದೆ. ಮುಂದಿನ ಸೆಕೆಂಡಿಗೆ ಗಡಿಯಾರ 1901ರ ಡಿಸೆಂಬರ್ 13ಕ್ಕೆ ಹಾರುತ್ತದೆ. ಓಪನ್‌ಬಿಎಸ್‌ಡಿ 2014ರ 5.5 ಆವೃತ್ತಿಯಲ್ಲಿ ಎಲ್ಲ ಯಂತ್ರಗಳಿಗೂ 64 ಬಿಟ್ ಟೈಮ್_ಟಿಯನ್ನು ತಂದಿತು. ಲಿನಕ್ಸ್‌ನ 32 ಬಿಟ್ ಯಂತ್ರಗಳಿಗೆ ಕರ್ನಲ್‌ನ ನೆರವು 2020ರ 5.6ರಲ್ಲಿಯೂ ಸಿ ಲೈಬ್ರರಿಯಾದ ಜಿಲಿಬ್‌ಸಿಯ ನೆರವು 2021ರ 2.34ರಲ್ಲಿಯೂ ದೊರೆಯಿತು. ಜಿಲಿಬ್‌ಸಿಯಲ್ಲಿ ಇದನ್ನು ಪಡೆಯಲು _ಟೈಮ್_ಬಿಟ್ಸ್ ಎಂಬ ಮ್ಯಾಕ್ರೋಗೂ 64 ಕೊಡಬೇಕು, ಜೊತೆಗೆ ಹಿಂದೆ ಹೇಳಿದ ಆಫ್‌ಸೆಟ್ ಮ್ಯಾಕ್ರೋ 64 ಆಗಿರಲೇಬೇಕು. 2024ರ ಪೋಸಿಕ್ಸ್ ಆವೃತ್ತಿ ಟೈಮ್_ಟಿ ಕನಿಷ್ಠ 64 ಬಿಟ್ ಇರಬೇಕೆಂದು ಕಡ್ಡಾಯ ಮಾಡಿದೆ.

ನನ್ನ ಯಂತ್ರ 64 ಬಿಟ್‌ನದು, ನನಗೇನು ಚಿಂತೆ ಎನ್ನುವವರು ಗಮನಿಸಬೇಕಾದ ಒಂದು ಸಂಗತಿಯಿದೆ. ಲಾಗಿನ್ ದಾಖಲೆಗಳನ್ನು ಇಡುವ ಯುಟಿಎಮ್‌ಪಿ ಸ್ಟ್ರಕ್ಚರಿನಲ್ಲಿ, 64 ಬಿಟ್ ಇಂಟೆಲ್ ಯಂತ್ರದ ಜಿಲಿಬ್‌ಸಿಯಲ್ಲೂ, ಸಮಯವನ್ನು 32 ಬಿಟ್‌ನಲ್ಲೇ ಬರೆಯಲಾಗುತ್ತದೆ. 32 ಬಿಟ್ ಪ್ರೋಗ್ರಾಮ್‌ಗಳೂ ಅದೇ ಫೈಲನ್ನು ಓದಬೇಕಾಗಿತ್ತು ಎಂಬುದೇ ಕಾರಣ. ಮೆಮೊರಿಯಲ್ಲಿ ಟೈಪ್ ಬೆಳೆದರೂ ಡಿಸ್ಕಿನ ಮೇಲಿನ ಜಾಗ ತಾನಾಗಿ ಬೆಳೆಯುವುದಿಲ್ಲ.

ಚಾರ್ ಮತ್ತು ಕನ್ನಡದ ಬೈಟ್‌ಗಳು

ಚಾರ್ ಸೈನ್ಡ್ ಆಗಿರಬೇಕೋ ಅನ್‌ಸೈನ್ಡ್ ಆಗಿರಬೇಕೋ ಎಂಬುದನ್ನು ಸಿ ಮಾನದಂಡ ತೀರ್ಮಾನಿಸಿಲ್ಲ. ಲಿನಕ್ಸ್‌ನಲ್ಲಿ ಇಂಟೆಲ್ ಯಂತ್ರದ ಮೇಲೆ ಅದು ಸೈನ್ಡ್, ಎಆರ್‌ಎಮ್ ಮೇಲೆ ಅನ್‌ಸೈನ್ಡ್. ಈ ಗೊಂದಲಕ್ಕೆ ಬೇಸತ್ತು ಲಿನಕ್ಸ್ ಕರ್ನಲ್ 6.2ರಿಂದ ತನ್ನೊಳಗೆ ಎಲ್ಲ ಯಂತ್ರಗಳಲ್ಲೂ ಚಾರ್ ಅನ್ನು ಅನ್‌ಸೈನ್ಡ್ ಮಾಡಿಕೊಂಡಿತು. ನಮ್ಮ ನಿಮ್ಮ ಪ್ರೋಗ್ರಾಮ್‌ಗಳಿಗೆ ಆ ಸೌಲಭ್ಯವಿಲ್ಲ.

ಇಂಗ್ಲಿಷ್ ಅಕ್ಷರಗಳೆಲ್ಲ 128ರ ಒಳಗೇ ಇರುವುದರಿಂದ ಅವುಗಳಿಂದ ಪರೀಕ್ಷಿಸಿದಾಗ ಈ ದೋಷ ಅಡಗಿರುತ್ತದೆ, ಕನ್ನಡ ಪಠ್ಯ ಕೊಟ್ಟೊಡನೆ ಹೊರಬರುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟಿಗೂ (ಯುನಿಕೋಡ್ ಸಂಖ್ಯೆ ಪಡೆದ ಪ್ರತಿ ಘಟಕಕ್ಕೂ) ಮೂರು ಬೈಟ್ ಬೇಕು, ಮೂರೂ 128 ಅಥವಾ ಅದಕ್ಕಿಂತ ಮೇಲಿನವು. ಮೊದಲ ಬೈಟ್ ಯಾವಾಗಲೂ 224; ಇಂಟೆಲ್ ಯಂತ್ರದ ಚಾರ್‌ನಲ್ಲಿ ಅದು ಮೈನಸ್ 32 ಆಗಿ ಕಾಣುತ್ತದೆ. ಇದನ್ನು ಹಾಗೆಯೇ, ಅಕ್ಷರವೇ ಎಂದು ಪರೀಕ್ಷಿಸುವ ಐಸ್‌ಆಲ್ಫಾದಂಥ ಫಂಕ್ಷನ್‌ಗೆ ಕೊಡುವುದು ಮಾನದಂಡದ ಪ್ರಕಾರ ತಪ್ಪು, ಮೊದಲು ಅನ್‌ಸೈನ್ಡ್ ಚಾರ್‌ಗೆ ಕಾಸ್ಟ್ ಮಾಡಬೇಕು. ಗೆಟ್‌ಚಾರ್‌ನ ಉತ್ತರವನ್ನು ಮಾತ್ರ ಎಂದಿಗೂ ಚಾರ್‌ನಲ್ಲಿ ಹಿಡಿಯದೆ ಇಂಟ್‌ನಲ್ಲೇ ಹಿಡಿಯಬೇಕು: ಚಾರ್ ಸೈನ್ಡ್ ಆಗಿದ್ದರೆ 255 ಎಂಬ ಬೈಟ್ ಫೈಲಿನ ಕೊನೆಯಂತೆ ತೋರಿ ಓದು ಅರ್ಧಕ್ಕೇ ನಿಲ್ಲುತ್ತದೆ, ಅನ್‌ಸೈನ್ಡ್ ಆಗಿದ್ದರೆ ಫೈಲಿನ ಕೊನೆ ಗುರುತಾಗುವುದೇ ಇಲ್ಲ.

ಎಸ್‌ಟಿಆರ್‌ಲೆನ್ ಕೊಡುವ ಸೈಜ್_ಟಿ ಅಕ್ಷರಗಳನ್ನಲ್ಲ, ಬೈಟ್‌ಗಳನ್ನು ಎಣಿಸುತ್ತದೆ ಎಂಬುದನ್ನೂ ನೆನಪಿಡಬೇಕು. ‘ಕನ್ನಡ’ ಎಂಬುದಕ್ಕೆ ಅದರ ಲೆಕ್ಕ 15. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 18. ಲಿನಕ್ಸ್‌ನ ಸಾಮಾನ್ಯ ಫೈಲ್ ಸಿಸ್ಟಮ್‌ಗಳಲ್ಲಿ ಫೈಲಿನ ಹೆಸರಿಗೆ 255 ಬೈಟ್‌ಗಳ ಮಿತಿಯಿರುವುದರಿಂದ, ಪೂರ್ತಿ ಕನ್ನಡದಲ್ಲಿ ಇಟ್ಟ ಹೆಸರಿಗೆ 85 ಕೋಡ್ ಪಾಯಿಂಟ್‌ಗಳೇ ಗರಿಷ್ಠ.

ಪ್ರೋಗ್ರಾಮಿನ ಹೊಸ್ತಿಲು ದಾಟುವಾಗ

ಇಲ್ಲಿಯವರೆಗಿನದು ಮೊದಲ ನಿಯಮದ ವ್ಯಾಪ್ತಿ. ಡಿಸ್ಕಿಗೆ ಬರೆಯುವ ಹೆಡರ್, ನೆಟ್‌ವರ್ಕಿನ ಪ್ಯಾಕೆಟ್, ಕರ್ನಲ್ ಮತ್ತು ಪ್ರೋಗ್ರಾಮ್ ಹಂಚಿಕೊಳ್ಳುವ ಸ್ಟ್ರಕ್ಚರ್ ಇವುಗಳಲ್ಲಿ ಆಫ್_ಟಿ, ಟೈಮ್_ಟಿ, ಲಾಂಗ್ ಯಾವುದನ್ನೂ ಬಳಸಬಾರದು. 1999ರ ಸಿ ಮಾನದಂಡ ತಂದ ಎಸ್‌ಟಿಡಿಇಂಟ್.ಎಚ್ ಹೆಡರಿನ ಯುಇಂಟ್8_ಟಿ, ಯುಇಂಟ್32_ಟಿ, ಇಂಟ್64_ಟಿ ಮುಂತಾದವೇ ಇಲ್ಲಿಗೆ ತಕ್ಕವು. ಲಿನಕ್ಸ್ ಕರ್ನಲ್‌ನ ಒಳಗೆ ಇವುಗಳನ್ನೇ ಯು8, ಯು32, ಯು64 ಎಂದು ಚುಟುಕಾಗಿ ಕರೆಯುತ್ತಾರೆ, ಪ್ರೋಗ್ರಾಮ್‌ಗಳೂ ಓದುವ ಕರ್ನಲ್ ಹೆಡರ್‌ಗಳಲ್ಲಿ ಹೆಸರಿನ ಮುಂದೆ ಎರಡು ಅಂಡರ್‌ಸ್ಕೋರ್ ಸೇರುತ್ತವೆ.

ಅಗಲ ನಿಗದಿಯಾದ ಮಾತ್ರಕ್ಕೆ ಸ್ಟ್ರಕ್ಚರಿನ ಆಕಾರ ನಿಗದಿಯಾಗದು. ಕ್ರಮವಾಗಿ ಯುಇಂಟ್8_ಟಿ, ಯುಇಂಟ್32_ಟಿ, ಯುಇಂಟ್16_ಟಿ ಇರುವ ಸ್ಟ್ರಕ್ಚರಿನಲ್ಲಿ ಮಾಹಿತಿ 7 ಬೈಟ್ ಇದ್ದರೂ, ನಡುವೆ 3 ಮತ್ತು ಕೊನೆಗೆ 2 ಖಾಲಿ ಬೈಟ್‌ಗಳನ್ನು ಕಂಪೈಲರ್ ಸೇರಿಸುವುದರಿಂದ ಸೈಜ್‌ಆಫ್ 12 ಎನ್ನುತ್ತದೆ. ಒಂದು ಯುಇಂಟ್32_ಟಿಯ ನಂತರ ಒಂದು ಯುಇಂಟ್64_ಟಿ ಬಂದರೆ 32 ಬಿಟ್ ಇಂಟೆಲ್‌ನಲ್ಲಿ ಒಟ್ಟು 12 ಬೈಟ್, 64 ಬಿಟ್‌ನಲ್ಲಿ 16. ಆದ್ದರಿಂದ ದೊಡ್ಡ ಸದಸ್ಯರನ್ನು ಮೊದಲಿಟ್ಟು, ಖಾಲಿ ಜಾಗಕ್ಕೂ ಹೆಸರು ಕೊಟ್ಟು ಸೊನ್ನೆ ತುಂಬಿ, ಒಟ್ಟು ಗಾತ್ರವನ್ನು 2011ರ ಸಿ ಮಾನದಂಡದ _ಸ್ಟ್ಯಾಟಿಕ್_ಅಸರ್ಟ್ ಮೂಲಕ ಕಂಪೈಲ್ ಆಗುವಾಗಲೇ ಪರೀಕ್ಷಿಸಬೇಕು. ಯಾರಾದರೂ ಮುಂದೆ ಸದಸ್ಯರ ಕ್ರಮ ಕೆಡಿಸಿ ಗಾತ್ರ ಬದಲಾದರೆ ಕಂಪೈಲರೇ ತಡೆಯುತ್ತದೆ. ಸ್ಟ್ರಕ್ಚರಿನೊಳಗಿನ ಖಾಲಿ ಜಾಗಗಳನ್ನು ನೋಡಲು ಪಾಹೋಲ್ ಎಂಬ ಉಪಕರಣ ಬಹಳ ಉಪಯುಕ್ತ. ಬೈಟ್‌ಗಳ ಕ್ರಮವನ್ನೂ ಮರೆಯಬಾರದು, ನೆಟ್‌ವರ್ಕಿಗೆ ಹೋಗುವ ಮುನ್ನ ಬೈಟ್‌ಗಳನ್ನು ನೆಟ್‌ವರ್ಕಿನ ಕ್ರಮಕ್ಕೆ ತರುವ ಎಚ್‌ಟಿಒಎನ್‌ಎಲ್‌ನಂಥ ಫಂಕ್ಷನ್ ಬೇಕು.

ಇಂದು ಸಾಕೆನಿಸುವ ಅಗಲವನ್ನು ಇಲ್ಲಿ ಆರಿಸಬಾರದು ಎಂಬುದು ನನ್ನ ಅಭಿಪ್ರಾಯ. ಫೈಲಿನ ವಿವರಗಳಿರುವ 128 ಬೈಟ್‌ಗಳ ಐನೋಡ್‌ನಲ್ಲಿ ಸಮಯಕ್ಕೆ 32 ಬಿಟ್ ಕೊಟ್ಟಿದ್ದ ಇಎಕ್ಸ್‌ಟಿ3 ಫೈಲ್ ಸಿಸ್ಟಮ್‌ನ ವಿನ್ಯಾಸ 2038ಕ್ಕೆ ನಿಲ್ಲುತ್ತದೆ. ಇಎಕ್ಸ್‌ಟಿ4 ಐನೋಡನ್ನು 256 ಬೈಟ್‌ಗೆ ಹಿಗ್ಗಿಸಿ, ಹೆಚ್ಚುವರಿ ಬಿಟ್‌ಗಳನ್ನು ಹೊಂದಿಸಿ 2446ರವರೆಗೆ ಅವಧಿ ಪಡೆಯಬೇಕಾಯಿತು. ನಾಲ್ಕು ಬೈಟ್ ಉಳಿಸಲು ಹೋಗಿ ಇಂಥ ತೇಪೆ ಹಾಕುವುದಕ್ಕಿಂತ ಮೊದಲೇ 64 ಬಿಟ್ ಕೊಡುವುದು ಅಗ್ಗ.

ಮುದ್ರಿಸುವುದು ಮತ್ತು ಓದುವುದು

ಪ್ರಿಂಟ್ಎಫ್‌ಗೆ ತನಗೆ ಬಂದ ಮೌಲ್ಯದ ಟೈಪ್ ತಿಳಿಯದು, ಫಾರ್ಮ್ಯಾಟ್ ಹೇಳಿದ್ದನ್ನೇ ನಂಬುತ್ತದೆ. ಸೈಜ್_ಟಿಗೆ ಪರ್ಸೆಂಟ್ ಚಿಹ್ನೆಯ ನಂತರ ಝಡ್ ಮತ್ತು ಯು, ಎಸ್‌ಸೈಜ್_ಟಿಗೆ ಝಡ್ ಮತ್ತು ಡಿ ಎಂದು ಮಾನದಂಡವೇ ಒದಗಿಸಿದೆ. ಉಳಿದ ಸಿಸ್ಟಮ್ ಟೈಪ್‌ಗಳಿಗೆ ಪ್ರತ್ಯೇಕ ಫಾರ್ಮ್ಯಾಟ್ ಇಲ್ಲ. ಪಿಐಡಿ_ಟಿಯನ್ನು ಲಾಂಗ್‌ಗೆ ಕಾಸ್ಟ್ ಮಾಡಿ ಎಲ್‌ಡಿ ಬಳಸಿದರೆ ಸಾಕು. ಆಫ್_ಟಿ ಮತ್ತು ಟೈಮ್_ಟಿಯನ್ನು ಇಂಟ್‌ಮ್ಯಾಕ್ಸ್_ಟಿಗೆ ಕಾಸ್ಟ್ ಮಾಡಿ ಜೆಡಿ ಬಳಸಬೇಕು, ಐನೋ_ಟಿಯಂಥ ಅನ್‌ಸೈನ್ಡ್ ಟೈಪಿಗೆ ಯುಇಂಟ್‌ಮ್ಯಾಕ್ಸ್_ಟಿ ಮತ್ತು ಜೆಯು. ಕಾಸ್ಟ್ ಬಿಟ್ಟರೆ ನಿಮ್ಮ ಯಂತ್ರದಲ್ಲಿ ಸರಿಯಾಗಿ ಮುದ್ರಣವಾಗಿ, 32 ಬಿಟ್ ಯಂತ್ರದಲ್ಲಿ ಮುಂದಿನ ಆರ್ಗ್ಯುಮೆಂಟ್‌ಗಳೆಲ್ಲ ಕಲಸಿಹೋಗಬಹುದು.

ಓದುವಾಗ, ಪಠ್ಯವನ್ನು ಸಂಖ್ಯೆಯಾಗಿಸುವ ಎಟಿಒಐ ಫಂಕ್ಷನ್ನನ್ನು ದೂರವಿಡಬೇಕು. ಸಂಖ್ಯೆಯಲ್ಲದ ಪಠ್ಯಕ್ಕೆ ಅದು ಸೊನ್ನೆಯನ್ನು ಕೊಡುತ್ತದೆ, ಕಿಲ್‌ಗೆ ಸೊನ್ನೆ ಕೊಟ್ಟರೆ ಸಿಗ್ನಲ್ ಹೋಗುವುದು ಕರೆದವರ ಪ್ರೊಸೆಸ್ ಗುಂಪಿಗೇ. ಎಸ್‌ಟಿಆರ್‌ಟಿಒಐಮ್ಯಾಕ್ಸ್ ಮೂಲಕ ಇಂಟ್‌ಮ್ಯಾಕ್ಸ್_ಟಿಗೆ ಓದಿ, ಪಠ್ಯವೆಲ್ಲ ಖರ್ಚಾಯಿತೇ, ದೋಷದ ಕಾರಣವನ್ನು ಇಡುವ ಎರ್‌ನೋದಲ್ಲಿ ಮಿತಿ ಮೀರಿದ ಸೂಚನೆ ಇದೆಯೇ ಎಂದು ನೋಡಿ, ಆಮೇಲೆ ಅದನ್ನು ಪಿಐಡಿ_ಟಿಗೆ ಹಾಕಿ ಮತ್ತೆ ಇಂಟ್‌ಮ್ಯಾಕ್ಸ್_ಟಿಯೊಂದಿಗೆ ಹೋಲಿಸಬೇಕು. ಎರಡೂ ಸಮನಾಗಿದ್ದು, ಬೆಲೆ ಸೊನ್ನೆಗಿಂತ ದೊಡ್ಡದಾಗಿದ್ದರೆ ಮಾತ್ರ ಕಿಲ್‌ಗೆ ಕೊಡಬಹುದು.